ಅತ್ತೆಯ ಯೂರಿಯಾ, ನನ್ನ ಕುರಿಗೊಬ್ಬರ

ನಮ್ಮ ಅತ್ತೆಗೆ ಯೂರಿಯಾ ಎಂದರೆ ಪ್ರಾಣ. ಈ ಮಾತನ್ನು ಯಾರ ಮುಂದೆ ಹೇಳಿದರೂ ನಗುತ್ತಾರೆ. ಎಂಬತ್ತರ ಹತ್ತಿರ ಬಂದಿರುವ, ಆಯಸ್ಸೆಲ್ಲ ಮಣ್ಣಿನಲ್ಲಿ ಕಳೆದ ಹೆಂಗಸು ಅಂದಮೇಲೆ ಸಗಣಿ, ತಿಪ್ಪೆ, ಬೇವಿನ ಹಿಂಡಿ ಎಂದು ಮಾತಾಡಬೇಕು ಎಂಬುದು ಎಲ್ಲರ ಲೆಕ್ಕಾಚಾರ. ನಮ್ಮ ಮನೆಯಲ್ಲಿ ಅದು ತಿರುಗುಮುರುಗು. ಸಾವಯವದ ಹುಚ್ಚು ಹತ್ತಿದ್ದು ನನಗೆ. ಜೋಗುಪಾಳ್ಯದ ಬಾಡಿಗೆ ಮನೆಯಲ್ಲಿ ಹುಟ್ಟಿ ಬೆಳೆದು, ತುಳಸಿ ಕಟ್ಟೆ ಬಿಟ್ಟರೆ ಬೇರೆ ಹಸಿರು ಕಾಣದೆ ಮದುವೆಯಾಗಿ ಬಂದವಳು ನಾನು. ಹಲಸೂರಿನ ಶಾಲೆಯೊಂದರಲ್ಲಿ ಇಪ್ಪತ್ತೈದು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಸಾರಜನಕ ಎಲ್ಲಿಂದ ಬಂದರೂ ಬೇರು ಅದನ್ನು ಹೀರುವುದು ಒಂದೇ ರೂಪದಲ್ಲಿ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸುತ್ತೇನೆ. ಮನೆಗೆ ಬಂದು ತಾರಸಿ ಹತ್ತಿದರೆ ಮಾತ್ರ ಅದೆಲ್ಲ ಮರೆತು, ಫೋನಿನ ತಾರಸಿ ತೋಟದ ಗುಂಪಿನಲ್ಲಿ ಬಂದದ್ದೇ ವೇದವಾಕ್ಯ.

ಅತ್ತೆಯ ಯೂರಿಯಾ ಪ್ರೀತಿಗೆ ಕಾರಣವಿತ್ತು. ಅವರು ಕೃಷ್ಣರಾಜಪುರದ ಈ ಮನೆಗೆ ಸೊಸೆಯಾಗಿ ಬಂದಾಗ ಈಗ ಪೀಜಿ ಕಟ್ಟಡಗಳು ನಿಂತಿರುವ ಕಡೆಯೆಲ್ಲ ನಮ್ಮವರ ತರಕಾರಿ ಹೊಲ. ಬೆಳೆದದ್ದು ಗಾಡಿಯಲ್ಲಿ ದಂಡಿನ ಮಾರ್ಕೆಟ್ಟಿಗೆ ಹೋಗುತ್ತಿತ್ತು. ದಂಡು ಎಂದರೆ ಶಿವಾಜಿನಗರದ ಕಡೆ. ಹೋದ ಗಾಡಿ ಬರಿದಾಗಿ ಬರುವಂತಿಲ್ಲ, ಅಲ್ಲಿನ ಕೊಟ್ಟಿಗೆಗಳಿಂದ ಗೊಬ್ಬರ ತುಂಬಿಕೊಂಡು ಬರಬೇಕು. ರಸ್ತೆಯಿಂದ ಹೊಲದೊಳಕ್ಕೆ ಆ ಗೊಬ್ಬರವನ್ನು ಮಂಕರಿ ಬುಟ್ಟಿಯಲ್ಲಿ ತಲೆಯ ಮೇಲೆ ಹೊರುವುದು ಸೊಸೆಯ ಪಾಲಿನ ಕೆಲಸ. ಬಾಣಂತನ ಮುಗಿಸಿ ಬಂದ ವಾರಕ್ಕೇ ಹೊತ್ತಿದ್ದರಂತೆ. ಒಂದು ದಿನ ಮಾವ ಸೈಕಲ್ಲಿನ ಹಿಂದೆ ಒಂದು ಚೀಲ ಕಟ್ಟಿಕೊಂಡು ಬಂದರು. ಅದರೊಳಗೆ ಸಕ್ಕರೆಯಷ್ಟು ಬೆಳ್ಳಗಿನ ಕಾಳು.

"ನಲವತ್ತು ಮಂಕರಿ ಮಾಡೋ ಕೆಲ್ಸನ ಆ ಒಂದ್ ಚೀಲ ಮಾಡ್ತು ಕಣಮ್ಮ. ನನ್ ಕತ್ತು ಉಳಿಸಿದ್ದೇ ಅದು" ಎಂದು ಅತ್ತೆ ಈಗಲೂ ಕತ್ತಿನ ಹಿಂಭಾಗ ಮುಟ್ಟಿ ತೋರಿಸುತ್ತಾರೆ.

ಹಾಗೆಂದು ಅವರು ಕುರುಡು ಭಕ್ತೆಯಲ್ಲ. ಯೂರಿಯಾ ಹಾಕಿದ ದಂಟಿನ ಸೊಪ್ಪು ವಾರದೊಳಗೆ ಮೊಣಕಾಲುದ್ದ ಎದ್ದರೂ ಮಾರ್ಕೆಟ್ಟಿನಲ್ಲಿ ಮಧ್ಯಾಹ್ನಕ್ಕೆ ಬಾಡಿ ಮಲಗುತ್ತಿತ್ತು, ಕೊಟ್ಟಿಗೆ ಗೊಬ್ಬರದ್ದು ಮಾರನೆಯ ದಿನವೂ ಸೆಟೆದು ನಿಂತಿರುತ್ತಿತ್ತು ಎಂದು ಅವರೇ ಹೇಳುತ್ತಾರೆ. ಬರೀ ಬಿಳಿ ಕಾಳಿನ ಮೇಲೆ ನಾಲ್ಕೈದು ವರ್ಷ ಓಡಿಸಿದ ಹೊಲದಲ್ಲಿ ಎರೆಹುಳು ಕಾಣೆಯಾಯಿತು, ಮಣ್ಣು ಗಟ್ಟಿಯಾಗಿ ಗುದ್ದಲಿ ಹಾಕಿದರೆ ಠಣ್ ಎನ್ನುತ್ತಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ. ಆದರೂ ಕತ್ತು ಕತ್ತೇ. ಹೊಲ ಹೋಗಿ ಎಷ್ಟೋ ವರ್ಷವಾದಮೇಲೂ ತಾರಸಿಯ ಸೊಪ್ಪಿನ ಕುಂಡಗಳಿಗೆಂದು ಒಂದು ಗಾಜಿನ ಬಾಟಲಿಯಲ್ಲಿ ಯೂರಿಯಾ ತುಂಬಿಸಿ, ಸ್ನಾನದ ಮನೆಯ ಗೂಡಿನಲ್ಲಿ ಸೀಗೆಪುಡಿಯ ಪಕ್ಕ ಇಟ್ಟುಕೊಂಡಿದ್ದರು. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುವುದು ಸುಳ್ಳಲ್ಲ.

ಆ ವರ್ಷ ನವರಾತ್ರಿಯಲ್ಲಿ ನಮ್ಮ ಮಗಳ ಮದುವೆ ಮಾತುಕತೆ ಮುಗಿಯಿತು. ಹುಡುಗ ಮಾರತ್ತಹಳ್ಳಿಯವನು, ಮದುವೆ ವೈಶಾಖಕ್ಕೆ. ಬೀಗರು ಹೋದಮೇಲೆ ಅತ್ತೆ ತಮ್ಮ ಕೋಣೆಯಿಂದ ಒಂದು ತಗಡಿನ ಡಬ್ಬಿ ತಂದು ನನ್ನ ಮುಂದಿಟ್ಟರು. ಅದರಲ್ಲಿ ಬೂದಿ. ಬೂದಿಯೊಳಗೆ ಬಟ್ಟೆಯ ಗಂಟು. ಗಂಟಿನೊಳಗೆ ಬದನೆ ಬೀಜ.

ಅವರ ತವರಿನಲ್ಲಿ ಒಂದು ಪದ್ಧತಿಯಿತ್ತು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲಕ್ಕಿಯ ಜೊತೆ ತಾಯಿ ತನ್ನ ಕೈಯಾರೆ ಬೆಳೆದು ತೆಗೆದ ಬೀಜವನ್ನು ಅವಳ ಸೆರಗಿಗೆ ಕಟ್ಟುವುದು. ಅತ್ತೆಗೆ ಅವರಮ್ಮ ಕಟ್ಟಿದ್ದು ಈ ಬದನೆ. ಹಸಿರು ಮೈ, ಬಿಳಿ ಗೀರು, ಅಂಗೈಯಲ್ಲಿ ಕೂರುವಷ್ಟು ಗುಂಡಗೆ. ಎಣ್ಣೆಗಾಯಿ ಮಾಡಿದರೆ ಕರಗಿಹೋಗದೆ, ಬಾಯಿಗಿಟ್ಟರೆ ಬೆಣ್ಣೆ. ಅತ್ತೆಗೆ ಹುಟ್ಟಿದ್ದು ಒಬ್ಬನೇ ಮಗ, ನನ್ನ ಗಂಡ. ಬೀಜ ಕಟ್ಟಿಕೊಡಲು ಅವರಿಗೆ ಹೆಣ್ಣು ಮಗುವೇ ಇರಲಿಲ್ಲ. ಹೊಲ ಇರುವತನಕ ಹೊಲದಲ್ಲಿ, ಆಮೇಲೆ ಹಿತ್ತಲಲ್ಲಿ ಅದನ್ನು ಉಳಿಸಿಕೊಂಡು ಬಂದಿದ್ದರು. ಹಿತ್ತಲಿನ ಜಾಗದಲ್ಲಿ ಬಾಡಿಗೆ ಮನೆ ಎದ್ದ ಮೇಲೆ ಆರೇಳು ವರ್ಷ ಅದು ಡಬ್ಬಿಯಲ್ಲೇ ಕೂತಿತ್ತು.

"ಹಳೇ ಬೀಜ ಕಟ್ಟಿದ್ರೆ ಹುಟ್ಟಲ್ಲ ಕಣಮ್ಮ. ಈಗ ಹಾಕಿ, ಕಾಯಿ ಬಿಡಿಸಿ, ಹಣ್ಣು ಮಾಡಿ, ಹೊಸ ಬೀಜ ತೆಗೀಬೇಕು. ಮದ್ವೆ ಹೊತ್ಗೆ ಆಯ್ತದೆ. ನನ್ ಮಂಡಿ ಮೆಟ್ಲು ಹತ್ತಕ್ ಬಿಡಲ್ಲ. ನೀನು ಕೈ ಹಾಕಿದ್ರೆ ಆಗೋದು" ಎಂದರು.

ಮೂವತ್ತು ವರ್ಷದ ಒಡನಾಟದಲ್ಲಿ ಅವರು ನನ್ನನ್ನು ಬೇಡಿಕೊಂಡಿದ್ದು ಅದೇ ಮೊದಲು. ತವರೂರಿನಲ್ಲೂ ಬೇರೆ ಯಾರ ಬಳಿಯೂ ಆ ಬೀಜ ಇಲ್ಲ ಎಂದು ವಿಚಾರಿಸಿ ತಿಳಿದುಕೊಂಡಿದ್ದರು. ಇದ್ದವರೆಲ್ಲ ಜಮೀನು ಬಿಟ್ಟು ಎಷ್ಟೋ ಕಾಲವಾಗಿತ್ತು. ಈ ಒಂದು ಹಿಡಿ ಹುಟ್ಟದೆ ಹೋದರೆ ಆ ಬದನೆ ಅಲ್ಲಿಗೆ ಮುಗಿದಂತೆ.

ಬಿರುಕು ಬಿಟ್ಟ ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ಮಣ್ಣು ಹಾಕಿ ಅಷ್ಟನ್ನೂ ಚೆಲ್ಲಿದೆವು. ವಾರವಾದರೂ ಏನೂ ಇಲ್ಲ. ಅತ್ತೆ ದಿನಕ್ಕೊಂದು ಸಲ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದು ಬರಿ ಮಣ್ಣನ್ನು ನೋಡಿ ಇಳಿದು ಹೋಗುತ್ತಿದ್ದರು. ಹನ್ನೊಂದನೆಯ ದಿನ ಒಂದು ಕುಡಿ ತಲೆ ಎತ್ತಿತು. ಕೊನೆಗೆ ಒಟ್ಟು ಏಳು. ಏಳೂ ಬೆರಳುದ್ದ ಬಂದಮೇಲೆ ಖಾಲಿ ಪೇಂಟ್ ಡಬ್ಬಗಳ ತಳಕ್ಕೆ ತೂತು ಹೊಡೆದು ಒಂದೊಂದನ್ನೇ ನೆಟ್ಟೆ. ಅತ್ತೆ ಪಕ್ಕದಲ್ಲಿ ಕೂತು, "ಬೇರ್ ಹಿಡ್ಕಂಡ್ಮೇಲೆ ಒಂದ್ ಚಿಟಿಕೆ ಯೂರಿಯಾ ತೋರಿಸ್ಬೇಕು" ಎಂದರು.

"ಅತ್ತೆ, ಆ ಬಾಟಲಿ ಈ ಗಿಡಗಳ ಹತ್ರ ಬರಕೂಡ್ದು. ಹೇಳಿದೀನಿ" ಎಂದೆ. ತರಗತಿಯಲ್ಲಿ ಗಲಾಟೆ ಮಾಡುವ ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳಿದ್ದೆ. ಅವರು ನಕ್ಕರು.

ನನ್ನ ತಲೆಯಲ್ಲಿ ಬೇರೆ ಯೋಜನೆ ಇತ್ತು. ಶಿವಾಜಿನಗರದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಇದ್ದಾರೆ. ಕುರಿ ವ್ಯಾಪಾರದವರು. ಮಾರ್ಕೆಟ್ಟಿನ ಹಿಂದಿನ ಗಲ್ಲಿಯೊಂದರಲ್ಲಿ ಅವರ ದೊಡ್ಡಿ. ನಾನು ಅವರನ್ನು ಭಾಯ್ ಎನ್ನುತ್ತೇನೆ, ಅವರು ನನಗೆ ಟೀಚರ್‌ಜೀ ಎನ್ನುತ್ತಾರೆ. ಕುರಿಗೊಬ್ಬರದಷ್ಟು ಸತ್ವ ಬೇರೆ ಯಾವುದರಲ್ಲೂ ಇಲ್ಲ ಎಂದು ಗುಂಪಿನಲ್ಲಿ ಓದಿದ್ದೇ ತಡ, ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿಕೊಂಡು ಅಲ್ಲಿಗೆ ಹೋದೆ. ಅವರು ಚಹಾ ತರಿಸಿ, ಮಗಳ ಸುದ್ದಿ ಹೇಳಿ, ತಾವೇ ಸಲಿಕೆ ಹಿಡಿದು ಒಂದು ಕೈಚೀಲಕ್ಕೆ ಗೊಬ್ಬರ ತುಂಬಿಸಿದರು.

"ಟೀಚರ್‌ಜೀ, ಇದು ತಾಜಾ ಮಾಲ್ ಐತೆ. ಹಂಗೇ ಹಾಕ್ಬೇಡಿ. ಮಣ್ಣು ಸೇರ್ಸಿ, ನೀರು ಚಿಮುಕ್ಸಿ, ಎರಡ್ ಮೂರ್ ತಿಂಗ್ಳು ಮುಚ್ಚಿ ಇಡ್ಬೇಕು. ಗರ್ಮಿ ಬಹಳ ಇರ್ತದೆ ಇದ್ರಲ್ಲಿ, ಬೇರು ಸುಟ್ಟೋಗ್ತದೆ."

ಹೂಂ ಹೂಂ ಎಂದೆ. ನನ್ನ ಗಮನವೆಲ್ಲ ಈ ಚೀಲವನ್ನು ಮನೆ ತಲುಪಿಸುವುದು ಹೇಗೆ ಎಂಬುದರ ಮೇಲಿತ್ತು. ಮೆಟ್ರೊದಲ್ಲಿ ಚೀಲವನ್ನು ಯಂತ್ರದೊಳಗೆ ಬಿಟ್ಟು ನೋಡುವವರ ಮುಂದೆ ನಿಲ್ಲುವ ಧೈರ್ಯವಾಗಲಿಲ್ಲ, ಬಸ್ಸು ಹತ್ತಿದೆ. ಹಲಸೂರು ದಾಟುವಷ್ಟರಲ್ಲಿ ನನ್ನ ಅಕ್ಕಪಕ್ಕದ ಸೀಟು ಖಾಲಿ. ಇಂದಿರಾನಗರದಲ್ಲಿ ಹತ್ತಿದ ಹೆಂಗಸೊಬ್ಬರು ಸೀಟು ಸಿಕ್ಕಿತೆಂದು ಖುಷಿಯಾಗಿ ಕೂತು, ಒಂದೇ ನಿಮಿಷಕ್ಕೆ ಎದ್ದು ಕಂಬ ಹಿಡಿದು ನಿಂತರು. ನಾನು ಕಿಟಕಿಯ ಹೊರಗೆ ನೋಡುತ್ತಾ ಇಡೀ ದಾರಿ ನನಗೂ ಚೀಲಕ್ಕೂ ಸಂಬಂಧವಿಲ್ಲದಂತೆ ಕೂತಿದ್ದೆ.

ಆ ಎರಡು ದಿನ ಅತ್ತೆ ಹೊಸಕೋಟೆಯ ಕಡೆ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದರು. ಎರಡು ಮೂರು ತಿಂಗಳು ಮುಚ್ಚಿಟ್ಟರೆ ಮದುವೆ ಬಂದೇ ಬಿಡುತ್ತದೆ. ಸಾವಯವ ಅಲ್ಲವೇ, ಹಸಿಯಾದರೇನು ಒಣಗಿದ್ದಾದರೇನು, ಗಿಡಕ್ಕೆ ಹಾನಿ ಮಾಡುವುದು ಅದರ ಜಾಯಮಾನದಲ್ಲೇ ಇಲ್ಲ ಎಂದುಕೊಂಡೆ. ಆವತ್ತು ಸಂಜೆಯೇ ಒಂದೊಂದು ಡಬ್ಬಕ್ಕೂ ಎರಡೆರಡು ಬೊಗಸೆ ಹಿಕ್ಕೆ ಸುರಿದು, ಅತ್ತೆಗೆ ಕಾಣದಂತೆ ಮೇಲೆ ಮಣ್ಣು ಮುಚ್ಚಿ, ನೀರು ಹಾಕಿದೆ. ಹುಲುಸಾಗಿ ಬಂದಮೇಲೆ ತೋರಿಸಿ ಬೆರಗುಗೊಳಿಸಬೇಕೆಂಬ ಆಸೆ. ಐದು ಡಬ್ಬಕ್ಕೆ ಚೀಲ ಮುಗಿಯಿತು. ನೀರಿನ ಟ್ಯಾಂಕಿನ ಪಕ್ಕ ಇದ್ದ ಎರಡು ಗಿಡಗಳಿಗೆ ಉಳಿಯಲಿಲ್ಲ.

ನಾಲ್ಕನೆಯ ದಿನ ಐದು ಗಿಡಗಳ ಎಲೆಯಂಚು ಕಂದಾಗಿ ಸುರುಟಿತು. ಐದನೆಯ ದಿನ ಕಾಂಡವೇ ಬಾಗಿತು. ಡಬ್ಬದ ಮಣ್ಣಿನೊಳಗೆ ಬೆರಳಿಟ್ಟರೆ ಬೆಚ್ಚಗಿತ್ತು, ಮೂಗಿಗೆ ಘಾಟು ಹೊಡೆಯಿತು. ಭಾನುವಾರ ಬೆಳಿಗ್ಗೆಯ ಹೊತ್ತಿಗೆ ಐದೂ ಒಣಗಿ ನಿಂತಿದ್ದವು. ಟ್ಯಾಂಕಿನ ಪಕ್ಕದ ಎರಡು ಮಾತ್ರ ಹಸಿರಾಗಿದ್ದವು.

ಅತ್ತೆ ಹತ್ತಿ ಬಂದು ನೋಡಿದರು. ನೋಡಿ, ಮಗುಚಿ ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತರು. ಆಮೇಲೆ ಮೆಲ್ಲಗೆ, "ಸೋಮವಾರ ನೀನ್ ಸ್ಕೂಲ್ಗೆ ಹೋದಾಗ ನಾನ್ ಬಂದು ಒಂದ್ ಚಿಟಿಕೆ ಯೂರಿಯಾ ಹಾಕಿದ್ದೆ ಕಣಮ್ಮ. ಚಿಟಿಕೆ ಅಷ್ಟೇ. ಏಳಕ್ಕೂ ಒಂದೇ ಸಮ" ಎಂದರು.

ಯೂರಿಯಾ ಏಳಕ್ಕೂ ಬಿದ್ದಿದೆ, ಸತ್ತಿದ್ದು ಐದು. ಆ ಐದಕ್ಕೆ ಮಾತ್ರ ನಾನು ಹಸಿ ಗೊಬ್ಬರ ಹಾಕಿದ್ದೇನೆ. ಪ್ರಯೋಗ ಎಂದರೆ ಏನು, ಹೋಲಿಸಿ ನೋಡಲು ಒಂದೆರಡು ಗಿಡ ಹಾಗೇ ಬಿಡಬೇಕು ಯಾಕೆ ಎಂದು ಎಂಟನೆಯ ತರಗತಿಗೆ ಪಾಠ ಮಾಡುವವಳು ನಾನು. ಉತ್ತರ ಕಣ್ಣ ಮುಂದೆ ಸಾಲಾಗಿ ನಿಂತಿತ್ತು. ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಆದರೂ ನನ್ನ ಬಾಯಿಂದ ಬಂದದ್ದು ಬೇರೆ.

"ಬೇಡ ಅಂತ ಬಡ್ಕೊಂಡೆ ಅಲ್ವಾ ಅತ್ತೆ? ಚಿಟಿಕೆಯಾದ್ರೂ ವಿಷ ವಿಷಾನೇ. ಕೊನೆಗೂ ಸುಟ್ಟೇ ಬಿಟ್ರಿ!"

ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ. ಅತ್ತೆ ಸತ್ತ ಗಿಡಗಳನ್ನೂ ನನ್ನನ್ನೂ ಒಮ್ಮೆ ನೋಡಿದರು. "ಹಂಗಾರೆ ನಂದೇ ತಪ್ಪಿರ್ಬೇಕು ಬುಡು" ಎಂದು ಎದ್ದು ಕಂಬಿ ಹಿಡಿದು ಇಳಿದು ಹೋದರು. ಮಾರನೆಯ ದಿನ ನಾನು ಶಾಲೆಗೆ ಹೊರಡುವಾಗ ಯೂರಿಯಾ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, "ನಿನ್ ಹತ್ರಾನೇ ಇರ್ಲಿ. ನನ್ ಕೈ ಸುಮ್ನಿರಲ್ಲ" ಎಂದರು. ಅದನ್ನು ಅಲ್ಮೇರಾದ ಮೇಲಿಟ್ಟು ಬಸ್ಸಿಗೆ ಓಡಿದೆ. ಆವತ್ತು ತರಗತಿಯಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ.

ಹೇಳಿಬಿಡಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಹೇಳಲು ಬಾಯಿ ತೆರೆದರೆ ಛತ್ರದವರ ಫೋನು, ಇಲ್ಲವೇ ಸೀರೆಯ ಬ್ಲೌಸು, ಇಲ್ಲವೇ ಬೀಗರ ಕಡೆಯ ಯಾರೋ. ನೆಪಗಳಿಗೇನು ಬರವೇ. ಅತ್ತೆ ಎಂದಿನಂತೆ ಮಾತಾಡಿಸುತ್ತಿದ್ದರು, ನನಗೇ ಅವರ ಮುಖ ನೋಡಲು ಆಗುತ್ತಿರಲಿಲ್ಲ.

ಭಾಯ್ ಮುಂದೆ ಮಾತ್ರ ತಪ್ಪೊಪ್ಪಿಕೊಂಡೆ. ಮುಂದಿನ ಶನಿವಾರ ಹೋಗಿ, "ನೀವು ಹೇಳಿದ್ದು ಕೇಳದೆ ಹಾಕ್ಬಿಟ್ಟೆ ಭಾಯ್, ಐದು ಹೋಯ್ತು, ಎರಡೇ ಇರೋದು" ಎಂದೆ. ಬೀಜದ ಕಥೆಯನ್ನೂ ಹೇಳಿದೆ. ಬೈಯಬಹುದಿತ್ತು, ಕನಿಷ್ಠ ನಗಬಹುದಿತ್ತು. ಅವರು ಎರಡು ಕ್ಷಣ ತಲೆ ಅಲ್ಲಾಡಿಸಿ, ದೊಡ್ಡಿಯ ಮೂಲೆಗೆ ಹೋಗಿ, ಗೋಣಿ ಸರಿಸಿ, ಒಂದು ಮುಷ್ಟಿ ಕಪ್ಪು ಪುಡಿ ತಂದು ನನ್ನ ಮೂಗಿನ ಬಳಿ ಹಿಡಿದರು.

"ವಾಸ್ನೆ ನೋಡಿ. ಏನ್ ಬರ್ತದೆ?"

"ಮಣ್ಣಿಂದು."

"ಹಾಂ. ಕುರಿ ವಾಸ್ನೆ ಹೋಗಿ ಮಣ್ಣಿನ್ ವಾಸ್ನೆ ಬಂದ್ರೆ ಆಗ ಇದು ಗೊಬ್ರ. ಒಂದ್ ವರ್ಸದ್ದು. ಮಗಳ ಶಾದಿ ಅಂತೀರಿ, ತಗೊಂಡೋಗಿ. ಬುಡಕ್ಕೆ ತಾಗಿಸ್ಬೇಡಿ, ಸುತ್ತ ಹಾಕಿ."

ಅದು ಅವರು ತಮ್ಮ ತಾರಸಿಯ ಗುಲಾಬಿಗೆಂದು ಇಟ್ಟುಕೊಂಡಿದ್ದ ಗೊಬ್ಬರ ಎಂದು ಅವರ ಮಗಳು ಎಷ್ಟೋ ದಿನಗಳ ಮೇಲೆ ಫೋನಿನಲ್ಲಿ ಹೇಳಿದಳು. ಆ ವರ್ಷ ಅವರ ಗುಲಾಬಿಗೆ ಏನೂ ಇರಲಿಲ್ಲ. ಅವರ ಋಣ ನಮ್ಮ ಮನೆಯ ಮೇಲೆ ದೊಡ್ಡದಾಗಿ ಇದೆ, ನಾನು ಅದನ್ನು ಮರೆಯುವವಳಲ್ಲ.

ಉಳಿದ ಎರಡು ಗಿಡಕ್ಕೆ ಕಳಿತ ಗೊಬ್ಬರ ಬಿತ್ತು. ಸಾಯಲಿಲ್ಲ, ಆದರೆ ಎದ್ದೂ ನಿಲ್ಲಲಿಲ್ಲ. ಕಟ್ಟಡ ಕಟ್ಟುವಾಗ ಉಳಿದಿದ್ದ ಕೆಂಪು ಮಣ್ಣು, ಸತ್ವ ಅಷ್ಟಕ್ಕಷ್ಟೇ. ಕಳಿತ ಗೊಬ್ಬರ ಕೆಲಸ ಮಾಡುವುದು ನಿಧಾನ, ನಮಗೆ ನಿಧಾನಕ್ಕೆ ಸಮಯವಿಲ್ಲ. ಸಂಕ್ರಾಂತಿ ಹತ್ತಿರ ಬಂದರೂ ಗಿಡ ಗೇಣುದ್ದ, ಕೆಳಗಿನ ಎಲೆಗಳು ಹಳದಿ. ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕ ಸಾಲದು ಎಂದರ್ಥ, ಇದೂ ನನ್ನದೇ ಪಾಠ. ಅದನ್ನು ಬೇಗ ಕೊಡುವ ವಸ್ತು ಎಲ್ಲಿದೆ ಎಂಬುದೂ ಗೊತ್ತಿತ್ತು. ಮೂರು ದಿನ ಅಲ್ಮೇರಾದ ಮೇಲಿನ ಬಾಟಲಿ ನೋಡಿಕೊಂಡು ಓಡಾಡಿದೆ. ಕದ್ದು ಹಾಕಿಬಿಡೋಣ ಎಂದೂ ಅನ್ನಿಸಿತು. ಒಂದು ಸಲ ಕದ್ದು ಹಾಕಿದ್ದರ ಫಲ ನೋಡಿಯಾಗಿತ್ತಲ್ಲ. ಬಾಟಲಿ ಇಳಿಸಿಕೊಂಡು, ಹಾಲಿನಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅತ್ತೆಯ ಮುಂದೆ ಹೋಗಿ ನಿಂತೆ.

"ಎಷ್ಟು ಹಾಕ್ಬೇಕು ಅತ್ತೆ?"

ಅವರು ಬಾಟಲಿಯನ್ನೂ ನೋಡಲಿಲ್ಲ, ನನ್ನನ್ನು ಚುಚ್ಚಲೂ ಇಲ್ಲ. "ಒಂದ್ ಬಿಂದಿಗೆ ನೀರ್ಗೆ ಒಂದ್ ಚಿಟಿಕೆ. ಚೆನ್ನಾಗಿ ಕರಗ್ಸು. ಮೊದ್ಲು ಬರೀ ನೀರ್ ಹಾಕಿ ಮಣ್ಣು ನೆನ್ಸಿ, ಆಮೇಲ್ ಇದು. ಹದಿನೈದ್ ದಿನಕ್ ಒಂದ್ಸಲ, ಎರಡೇ ಸಲ. ಮೊಗ್ಗು ಕಂಡ್ರೆ ನಿಲ್ಸ್ಬಿಡು. ಆಮೇಲೂ ಹಾಕಿದ್ರೆ ಎಲೆ ಕುಣೀತದೆ, ಕಾಯಿ ಬರಲ್ಲ. ಆವಾಗ ಒಲೆ ಬೂದಿ ಹಾಕು."

ಸೌದೆ ಒಲೆಯ ಬೂದಿ ಈಗ ಎಲ್ಲಿ ಸಿಗಬೇಕು? ಹಲಸೂರಿನಲ್ಲಿ ನಮ್ಮ ಶಾಲೆಯ ಪಕ್ಕದ ಇಸ್ತ್ರಿ ಅಂಗಡಿಯಾಕೆ ಇದ್ದಿಲು ಪೆಟ್ಟಿಗೆಯ ಬೂದಿಯನ್ನು ಕವರಿನಲ್ಲಿ ಕಟ್ಟಿ ಕೊಟ್ಟರು. "ಎದುಕ್ಕು ಮೇಡಂ? ಪಾತ್ರೆ ತೊಳ್ಯಾಕಾ?" ಎಂದು ತಮಿಳು ಕನ್ನಡ ಬೆರೆಸಿ ಕೇಳಿದರು. ಬದನೆಕಾಯಿಗೆ ಎಂದಾಗ, ತಮ್ಮೂರಿನಲ್ಲಿ ಅಮ್ಮನೂ ಹಾಗೇ ಹಾಕುತ್ತಿದ್ದರೆಂದು ಹೇಳಿ ಇನ್ನೊಂದು ಕವರು ಕೊಟ್ಟರು.

ಹತ್ತು ದಿನದಲ್ಲಿ ಎಲೆ ಕಡು ಹಸಿರಾಯಿತು. ಶಿವರಾತ್ರಿ ಹೊತ್ತಿಗೆ ಗಿಡ ಮೊಣಕಾಲಿಗೆ ಬಂತು, ನೇರಳೆ ಹೂ ಬಿಟ್ಟಿತು. ಒಂದು ಗಿಡದ ಹೂಗಳೆಲ್ಲ ಉದುರಿದವು. ಇನ್ನೊಂದರಲ್ಲಿ ಮೂರು ಕಾಯಿ ನಿಂತವು. ಹಸಿರು ಮೈ, ಬಿಳಿ ಗೀರು. ಮೊದಲ ಕಾಯಿ ಗೋಲಿಯಷ್ಟಿದ್ದಾಗ ಅತ್ತೆಯನ್ನು ಕೈ ಹಿಡಿದು ಮೇಲೆ ಕರೆದುಕೊಂಡು ಹೋದೆ. ಅವರು ಅದನ್ನು ಮುಟ್ಟಲಿಲ್ಲ. ದೂರದಿಂದಲೇ ನೋಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಕಾಯಿ ಅಡುಗೆಗಲ್ಲ, ಬೀಜಕ್ಕೆ. ಗಿಡದಲ್ಲೇ ಹಣ್ಣಾಗಬೇಕು. ಅಳಿಲು ಮುಟ್ಟದಂತೆ ಮೂರಕ್ಕೂ ಹಳೆಯ ರವಿಕೆ ಬಟ್ಟೆಯ ಚೀಲ ಹೊಲಿದು ಕಟ್ಟಿದೆವು. ಯುಗಾದಿ ಕಳೆದು ಬಿಸಿಲು ಏರಿದಂತೆ ಒಂದು ಕೊಳೆತು ಬಿತ್ತು. ಎರಡು ಚಿನ್ನದ ಬಣ್ಣಕ್ಕೆ ತಿರುಗಿ ಮೆತ್ತಗಾದವು. ಮದುವೆಗೆ ಹದಿನೆಂಟು ದಿನ ಇರುವಾಗ ಅತ್ತೆ ಅವನ್ನು ಕೊಯ್ದು, ನಾಲ್ಕು ದಿನ ನೆರಳಲ್ಲಿಟ್ಟು, ಸೀಳಿ ನೀರಿನಲ್ಲಿ ಕಿವುಚಿದರು. ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ಬಟ್ಟೆಯ ಮೇಲೆ ಹರಡಿದರು. ಮದುವೆ ಮನೆಯ ಗಲಾಟೆಯ ನಡುವೆ ಯಾರೂ ಆ ಬಟ್ಟೆಯ ಕಡೆ ಹೋಗದಂತೆ ಕಾವಲು ಕೂತಿದ್ದರು.

ಮಗಳ ಮಡಿಲು ತುಂಬುವಾಗ ಅತ್ತೆ ಬೀಜದ ಗಂಟನ್ನು ನನ್ನ ಕೈಗಿಟ್ಟು, "ತಾಯಿ ಕಟ್ಬೇಕು. ಬೆಳೆದೋಳು ನೀನು" ಎಂದರು. ಕಟ್ಟಿದೆ. ಗಂಟು ಎರಡು ಸಲ ಜಾರಿ, ಮೂರನೆಯ ಸಲ ನಿಂತಿತು.

ಮಗಳು ಈಗ ಮಾರತ್ತಹಳ್ಳಿಯಲ್ಲಿ, ಒಂಬತ್ತನೆಯ ಮಹಡಿಯ ಫ್ಲಾಟಿನಲ್ಲಿ. ಎರಡು ಕುಂಡ ಇಡುವಷ್ಟು ಬಾಲ್ಕನಿ. ಮೊನ್ನೆ ಭಾನುವಾರ ಬೆಳಿಗ್ಗೆ ಫೋನ್ ಮಾಡಿದಳು. ಬೀಜ ಹಾಕಿದ್ದಾಳೆ, ಸಸಿ ಬಂದಿವೆ, ಬೆರಳುದ್ದ ಆಗಿವೆ. ಅತ್ತೆಯೂ ಕೇಳಲಿ ಎಂದು ಫೋನನ್ನು ಸ್ಪೀಕರಿಗೆ ಹಾಕಿ ಇಬ್ಬರ ನಡುವೆ ಇಟ್ಟೆ.

"ಅಜ್ಜಿ, ಇದಕ್ಕೆ ಯಾವ ಗೊಬ್ರ ಹಾಕ್ಲಿ? ಆನ್‌ಲೈನಲ್ಲಿ ಒಬ್ಬೊಬ್ರು ಒಂದೊಂದ್ ಹೇಳ್ತಾರೆ. ತಲೆ ಕೆಟ್ಟೋಯ್ತು."

"ನಿಮ್ಮಮ್ಮನ್ನ ಕೇಳು ಕಣಮ್ಮಿ. ನಂಗಿಂತ ಅವ್ಳೇ ಚೆನ್ನಾಗ್ ಹೇಳ್ತಾಳೆ. ಹಸೀ ಕುರಿಗೊಬ್ರ ಹಾಕಿ ಐದ್ ಗಿಡ ಸಾಯ್ಸಿ ಕಲ್ತಿದಾಳೆ."

ಮಗಳು ಆ ಕಡೆಯಿಂದ ಗೊಳ್ಳೆಂದು ನಕ್ಕಳು. ಫೋನಿನ ಮೇಲೆ ಕೈ ಮುಚ್ಚಿ, "ನಿಮಗೆ ಯಾವಾಗ ಗೊತ್ತಾಯ್ತು ಅತ್ತೆ?" ಎಂದೆ.

"ಅವತ್ತೇ. ನೀನ್ ಸ್ನಾನಕ್ ಹೋದಾಗ ಇನ್ನೊಂದ್ಸಲ ಹತ್ತಿ ಹೋಗಿ ಬುಡ ಕಿತ್ ನೋಡ್ದೆ. ಹಿಕ್ಕೆ ಹಂಗಂಗೇ ಇತ್ತು."

"ಮತ್ತೆ ಯಾಕ್ ಹೇಳ್ಲಿಲ್ಲ? ನಾನ್ ನಿಮ್ಮನ್ನ ಅಷ್ಟು ಬೈದೆ. ಬಾಟ್ಲಿ ಬೇರೆ ತಂದ್ ಕೊಟ್ರಿ..."

"ಮಗಳನ್ನ ಕಳ್ಸೋ ವರ್ಸ ನಿಂಗೆ. ಹೊತ್ತಿದ್ ಭಾರಾನೇ ಸಾಕಾಗಿತ್ತು. ಅದ್ರ ಮೇಲೆ ಇದೊಂದ್ ಮಂಕರಿ ಯಾಕ್ ಹೊರಿಸ್ಲಿ?"

ತಪ್ಪಾಯಿತು ಅತ್ತೆ ಎಂದೆ. ಒಂದೂವರೆ ವರ್ಷ ತಡವಾಗಿ ಬಂದ ಮಾತು, ಅದೂ ಅರ್ಧ ಅಳುವಿನಲ್ಲಿ. ಆಯ್ತು ಬುಡು ಎಂದು ಅವರು ನನ್ನ ಮೊಣಕೈ ತಟ್ಟಿದರು. "ಹಲೋ? ಹಲೋ? ಇದೀರಾ?" ಎಂದು ಮಗಳು ಕೂಗುತ್ತಿದ್ದಳು. ಅತ್ತೆ ಫೋನನ್ನು ನನ್ನ ಕಡೆ ತಳ್ಳಿದರು.

"ಪೆನ್ ತಗೋ, ಬರ್ಕೋ" ಎಂದೆ ಮಗಳಿಗೆ. "ಮೊದ್ಲು ನಾನ್ ಏನ್ ಮಾಡ್ದೆ ಅಂತ ಹೇಳ್ತೀನಿ. ಅದನ್ನ ನೀನ್ ಮಾಡ್ಬೇಡ. ಆಮೇಲೆ ನಿಮ್ಮಜ್ಜಿ ಏನ್ ಮಾಡಿದ್ರು ಅಂತ ಹೇಳ್ತೀನಿ."